ಕಟ್ಟೆಯ ಮೇಲಿನ ಮಾಲೀಸು

ಹುಬ್ಬಳ್ಳಿಗೆ ಹೋಗಿ ಮಾಲೀಸಿನ ವಿದ್ಯೆ ಕಲಿತು ಬಂದ ನಾನು, ಅಣ್ಣಿಗೇರಿಯ ಪೇಟೆ ಬೀದಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೇ ಬೆಂಚು ಹಾಕಿದೆ. ಗಾಳಿ, ಬೆಳಕು, ಪುಕ್ಕಟೆ ಜಾಹೀರಾತು! ಆದರೂ ಒಂದೆರಡು ಸಲ ಬಂದ ರೋಗಿಗಳು ಆಮೇಲೆ ನನ್ನನ್ನು ಕಂಡರೆ ಹಿಂದಿನ ಓಣಿ ಹಿಡಿಯುತ್ತಿದ್ದರು. ಹೀಗೇ ನಡೆದರೆ ಬೆಂಚು ಮಾರುವುದೊಂದೇ ಬಾಕಿ.

"ಇವತ್ತ ಕಾರಣಾ ಪತ್ತೆ ಹಚ್ಚದನ ಮನಿಗೆ ಬರಂಗಿಲ್ಲ!" ಎಂದು ಹೆಂಡತಿ ಸುನಿತಾಳ ಎದುರು ಗುಡುಗಿದೆ.

"ನನ್ನ ಕೇಳಿದ್ರ ಇಲ್ಲೇ ಹೇಳ್ತೇನಲ್ರೀ."

"ಇದು ಶಾಸ್ತ್ರದ ವಿಚಾರ. ನಿನಗ ತಿಳ್ಯಂಗಿಲ್ಲ!"

ನೆಟ್ಟಗೆ ಹೋದದ್ದು ಕಾಳಿನ ವ್ಯಾಪಾರಿ ಶಂಭುಲಿಂಗಪ್ಪನವರ ಅಂಗಡಿಗೆ. ಅವರ ಮಗ ಹೇಮಂತ ಬೆನ್ನುನೋವಿಗೆಂದು ಬರುತ್ತಿದ್ದವನು ಏಕಾಏಕಿ ಬಿಟ್ಟಿದ್ದ. ನನ್ನನ್ನು ಕಂಡದ್ದೇ ಕಡಲೆ ಚೀಲಗಳ ಹಿಂದೆ ಚಂಗನೆ ಹಾರಿ ಅಡಗಿದ. ಎಂಥ ಚುರುಕು! ಎಲ್ಲ ನನ್ನ ಕೈಗುಣ! ಅವನನ್ನು ಹಿಡಿಯಲೆಂದು ಅಡ್ಡವಿದ್ದ ಚೀಲಕ್ಕೆ ಕೈ ಹಾಕಿ ಎತ್ತಿದೆ. ಚೀಲವೂ ಏಳಲಿಲ್ಲ, ನಾನೂ ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು!

ಕೊನೆಗೆ ಹೇಮಂತನೇ ನನ್ನನ್ನು ಎತ್ತಿ ಕೈಗಾಡಿಗೆ ಹಾಕಿ, ಪೇಟೆಯ ತುಂಬ ಮೆರವಣಿಗೆ ಮಾಡಿ ಮನೆ ಮುಟ್ಟಿಸಿದ. ಸುನಿತಾ ನನ್ನದೇ ಬೆಂಚಿನ ಮೇಲೆ ನನ್ನನ್ನು ಬೋರಲು ಮಲಗಿಸಿ, ಅಂಗಿ ಬಿಚ್ಚಿಸಿ, ಎಣ್ಣೆ ತಿಕ್ಕತೊಡಗಿದಳು. ನಮ್ಮ ಕಡೆ ದಾರಿಹೋಕರು ವಿಚಾರಿಸದೆ ಮುಂದೆ ಹೋದರೆ ಅದು ಮರ್ಯಾದೆಯಲ್ಲ.

"ಏನಾತ್ರೀ ಅಕ್ಕಾರ?"

"ಸೊಂಟ ಹಿಡದೈತ್ರಿ. ಮನ್ಯಾಗ ಒಂದು ಕೊಡಾ ಎತ್ತದವರು ಮಂದಿ ಚೀಲಾ ಎತ್ತಾಕ ಹೋಗಿದ್ರು! ನಿನ್ನೆಯಿಂದ ಹೊಟ್ಟಿನೂ ಸರಿ ಇಲ್ರಿ!"

ನಾನು ಮುಖ ಬೆಂಚಿಗೆ ಒತ್ತಿಕೊಂಡೆ. "ಲೇ, ಊರಿಗೆಲ್ಲಾ ಯಾಕ ಹೇಳ್ತೀ?"

"ನೀವು ಹೇಳ್ತಿದ್ದಿಲ್ಲೇನು? 'ಈ ಹುಡಗಗ ಈಗಿಂದನ ಬಗ್ಗಾಕ ಬರಂಗಿಲ್ಲ' ಅಂತ ಹೇಮಂತನ ಬೆನ್ನ ತಟ್ಟಿ ತಟ್ಟಿ ಹೋಗೋ ಬರೋರಿಗೆ ಸಾರಿದ್ರಿ. ಅವನ್ನ ನೋಡಿ ಒಪ್ಪಿದ್ದ ಹೆಣ್ಣಿನವರು ಹಿಂದ ಸರದ್ರು. ಅದಕ್ಕ ಯಾರೂ ಬರವಲ್ರು!"

ನನಗೆ ನಿಜಕ್ಕೂ ನಾಚಿಕೆಯಾಯಿತು. ತನ್ನ ಮದುವೆ ಕೆಡಿಸಿದವನನ್ನೇ ಹೊತ್ತು ತಂದಿದ್ದನಲ್ಲ ಈ ಹುಡುಗ!

"ಬೆಂಚು ಇವತ್ತ ಒಳಗ ಹಾಕ್ತೇನಿ. ಹೆಣ್ಣಿನವರಿಗೆ ನಾನ ಹೋಗಿ ಹೇಳ್ತೇನಪಾ" ಎಂದೆ.

"ಹೇಳಬ್ಯಾಡ್ರೀ!" ಸುನಿತಾ, ಇನ್ನೂ ಗಾಡಿ ಹಿಡಿದು ನಿಂತಿದ್ದ ಹೇಮಂತ ಇಬ್ಬರೂ ಒಟ್ಟಿಗೇ ಕೂಗಿದರು.

ಅಷ್ಟರಲ್ಲಿ ಶಂಭುಲಿಂಗಪ್ಪನವರು ಏದುಸಿರು ಬಿಡುತ್ತ ಬಂದರು. "ನಿಮ್ಮಿಂದ ಭಾಳ ಉಪಕಾರ ಆತ್ರಿ! ನಮ್ಮ ಹುಡಗ ನಿಮ್ಮನ್ನ ಎತ್ತಿ ಗಾಡಿಗೆ ಹಾಕೂದನ್ನ ಹೆಣ್ಣಿನ ಕಾಕಾ ನೋಡ್ಯಾನ. ಇಂಥಾ ಭಾರ ಎತ್ತಾಂವಗ ಎಲ್ಲೀದು ಬೆನ್ನ ಬ್ಯಾನಿ ಅಂತ ಮತ್ತ ಮಾತಿಗೆ ಬರಾಕತ್ಯಾರ! ಹಂಗ ನಾಳೆ ನಂದೊಂದು ಮೊಣಕಾಲ ನೋಡ್ರಿ. ಒಳಗ!"

ನನ್ನ ಕಣ್ಣು ತುಂಬಿ ಬಂತು. ಹೆಂಡತಿಗೆ, ಹೇಮಂತನಿಗೆ, ನನ್ನ ಮೈಯ ತೂಕಕ್ಕೂ ಮನಸಾರೆ ಕೈಮುಗಿದೆ. ಕಡೆಗೂ ಒಬ್ಬ ರೋಗಿ ಸಿಕ್ಕ! ಖುಷಿ ತಡೆಯಲಾರದೆ ಬೀದಿಯತ್ತ ಕತ್ತು ಚಾಚಿ, "ಕೇಳಿದ್ರೇನ್ರೆಪಾ, ಶಂಭುಲಿಂಗಪ್ಪನವರ ಮೊಣಕಾಲು..." ಎನ್ನುವಷ್ಟರಲ್ಲಿ ಸುನಿತಾ ಎಣ್ಣೆಗೈಯಲ್ಲೇ ನನ್ನ ಬಾಯಿ ಮುಚ್ಚಿದಳು.