ಎರಡನೇ ಔಟ್‌ಪುಟ್ ಯಾರಿಗೆ?

ನಮ್ಮ ಮನೆಯಲ್ಲಿ ಟಿವಿ ಒಂದು, ಸೋಫಾ ಒಂದು, ಹೆಂಡತಿ ಒಬ್ಬಳು. (ಕೊನೆಯದರ ಬಗ್ಗೆ ದೂರಿಲ್ಲ. ಇದ್ದರೂ ಹೇಳುವಷ್ಟು ಧೈರ್ಯವಿಲ್ಲ.) ಹೀಗಿರುವಾಗ ಒಂದು ಭಾನುವಾರ ಕಾಫಿ-ಕೇಕಿನ ಹೊತ್ತಿನಲ್ಲಿ ನನ್ನಾಕೆ ಇರ್ಮಾ, ಕೇಕಿನ ಮೇಲೆ ಕೆನೆ ಸುರಿಯುತ್ತಾ, "ಎಕಾರ್ಟ್, ಹೊಸ ರಿಸೀವರ್ ತರುವಾಗ ಎರಡು ಔಟ್‌ಪುಟ್ ಇರೋದನ್ನೇ ತರೋಣ" ಅಂದಳು. ಅಂದವಳು ನನ್ನ ಮುಖ ನೋಡಲಿಲ್ಲ, ಕೇಕನ್ನೇ ನೋಡಿದಳು. ಎಲ್ಲೋ ಏನೋ ಹೊಗೆಯಾಡುತ್ತಿದೆ ಎಂದು ನನಗೆ ಆಗಲೇ ಅನ್ನಿಸಿತು.

ಮನೆ ಅಂದೆನಲ್ಲ, ಅದು ಚಕ್ರದ ಮನೆ. ಮ್ಯೂರಿಟ್ಸ್ ಸರೋವರದ ದಡದ ಕ್ಯಾಂಪಿನಲ್ಲಿ ನಿಂತಲ್ಲೇ ನಿಂತ ನಮ್ಮ ಕ್ಯಾರವಾನು. ಚಕ್ರಗಳಿವೆ, ಉರುಳಿ ಬಹಳ ವರ್ಷಗಳಾದವು. ಚಳಿ ಕಳೆದದ್ದೇ ಇಲ್ಲಿಗೆ ಬಂದರೆ ಎಲೆ ಉದುರುವ ತನಕ ನಮ್ಮ ಸಂಸಾರ ಇಲ್ಲೇ. ಆ ವರ್ಷ ಏಪ್ರಿಲ್ ಮುಗಿದೊಡನೆ ಹಳೇ ಕಾಲದ ಉಪಗ್ರಹ ಪ್ರಸಾರ ನಿಲ್ಲಿಸುತ್ತೇವೆಂದು ಟಿವಿಯವರು ಸಾರಿಬಿಟ್ಟಿದ್ದರು. ಎಲ್ಲರೂ ಹೊಸ ರಿಸೀವರ್ ಡಬ್ಬಿ ಕೊಳ್ಳಲೇಬೇಕು. ನಮ್ಮ ಕ್ಯಾರವಾನಿನಲ್ಲಿ ಫ್ರಿಜ್ಜಿನ ಮೇಲೆ ಉಳಿದಿರುವುದು ಅಂಗೈಯಗಲ ಜಾಗ. ಹಾಗಾಗಿ ಡಬ್ಬಿಯೂ ಪುಟಾಣಿಯೇ ಆಗಬೇಕು. ಇಷ್ಟರವರೆಗೆ ನಮ್ಮಿಬ್ಬರಲ್ಲಿ ಒಮ್ಮತವಿತ್ತು.

ನಾನು ಹ್ಯಾಂಬರ್ಗ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ ತಲೆ ನರೆಸಿಕೊಂಡವನು. ಜನರ ಪೆಟ್ಟಿಗೆ ಬಿಚ್ಚಿಸಿ, ಕಾಲುಚೀಲದೊಳಗಿನ ಸಿಗರೇಟನ್ನು ಹೊರಗೆಳೆದವನು. ಪೆಟ್ಟಿಗೆಗಿಂತ ಮೊದಲು ಪೆಟ್ಟಿಗೆಯವರ ಕಣ್ಣು ನೋಡಬೇಕು ಎಂಬುದು ನಮ್ಮ ಇಲಾಖೆಯ ಮೂಲಮಂತ್ರ. ಒಂದು ಟಿವಿ ಇರುವ ಮನೆಗೆ ಎರಡನೇ ಔಟ್‌ಪುಟ್ ಕೇಳಿದವಳು ಕಣ್ಣು ತಪ್ಪಿಸಿದ್ದಾಳೆ ಅಂದಮೇಲೆ ನನ್ನೊಳಗಿನ ಅಧಿಕಾರಿ ಟೋಪಿ ಹಾಕಿಕೊಂಡು ಎದ್ದು ನಿಂತೇಬಿಟ್ಟ.

"ಎರಡನೇದು ಯಾರಿಗೆ?" ಅಂದೆ.

"ಮುಂದೆ ಬೇಕಾಗಬಹುದು."

"ಯಾವಾಗ ಮುಂದೆ? ಯಾತಕ್ಕೆ ಬೇಕು?"

"ಕೇಕ್ ತಿನ್ನು, ಎಕಾರ್ಟ್" ಅಂದಳು. ನಮ್ಮ ಮನೆಯಲ್ಲಿ ಇದರರ್ಥ ಸಭೆ ಬರಖಾಸ್ತಾಯಿತು ಎಂದು.

ಮರುದಿನ ಪಟ್ಟಣದ ಅಂಗಡಿಗೆ ಹೋದೆವು. ಅಲ್ಲಿನ ಕ್ರ್ಯೂಗರ್ ಎಂಬಾಕೆ ಒಂದರ ಪಕ್ಕ ಒಂದು ಡಬ್ಬಿ ಜೋಡಿಸಿಟ್ಟರು. ನನಗೆ ಬೇಕಿದ್ದದ್ದು ಒಂದೇ, ಸ್ವಿಚ್ಚು. ನಿಜವಾದ ಸ್ವಿಚ್ಚು.

"ಇದನ್ನ ಆರಿಸೋದು ಹೇಗೆ?" ಅಂತ ಕೇಳಿದೆ.

"ರಿಮೋಟಿನಲ್ಲಿ ಗುಂಡಿ ಇದೆ ನೋಡಿ ಸರ್."

"ಅದು ಸ್ವಿಚ್ಚಲ್ಲಮ್ಮ, ವಿನಂತಿ. ನಾವು ವಿನಂತಿ ಮಾಡ್ಕೋಬೇಕು, ಅದು ಮಲಗಿದ ಹಾಗೆ ನಟಿಸಬೇಕು. ಒಂದು ಕೆಂಪು ಕಣ್ಣು ಬಿಟ್ಕೊಂಡು ಬೆಳಗಿನವರೆಗೂ ಕರೆಂಟು ಕುಡೀತಾ ಕೂತಿರುತ್ತೆ. ನನಗೆ ತಂತೀನೇ ಕಡಿಯೋ ಸ್ವಿಚ್ ಬೇಕು. ಟಕ್ ಅನ್ನಬೇಕು!"

"ಹಾಗಾದರೆ ಇದು ತಗೊಳ್ಳಿ. ಹಿಂದುಗಡೆ ಸ್ವಿಚ್ ಇದೆ."

"ಹಿಂದುಗಡೆ! ಗೂಡಿಗೆ ತುರುಕಿದ ಮೇಲೆ ನನ್ನ ಕೈ ಅಲ್ಲಿಗೆ ಹೋಗುತ್ತಾ? ಕೈಗೆ ಸಿಗದ ಕಡೆ ಸ್ವಿಚ್ ಇಡೋರು ಏನೋ ಮುಚ್ಚಿಡ್ತಿದ್ದಾರೆ ಅಂತಲೇ ಲೆಕ್ಕ."

ಪಾಪ, ಆಕೆ ಉಸಿರೆಳೆದುಕೊಂಡು ಮುಂದುಗಡೆ ಸ್ವಿಚ್ಚಿರುವ ಇನ್ನೊಂದನ್ನು ತಂದರು. ಒತ್ತಿದೆ. ಟಕ್! ಆಹಾ, ಕಿವಿ ತಣ್ಣಗಾಯಿತು. ಜೇಬಿಗೆ ಕೈ ಹಾಕಿದೆ ಅನ್ನುವಷ್ಟರಲ್ಲಿ ಇರ್ಮಾ ಡಬ್ಬಿಯನ್ನು ತಿರುಗಿಸಿ ಅದರ ಬೆನ್ನು ನೋಡಿದಳು.

"ಇದಕ್ಕೆ ಒಂದೇ ಔಟ್‌ಪುಟ್. ಬೇಡ."

"ಯಾಕೆ ಬೇಡ?"

"ನನಗೆ ಈಗಿನ ಟಿವಿಗೆ ಎಚ್‌ಡಿಎಮ್‌ಐನೂ ಬೇಕು, ಹಳೇ ಟಿವಿಗೆ ಹಾಕ್ತಾರಲ್ಲ, ಆ ಅಗಲ ಬಾಯಿಯ ಸ್ಕಾರ್ಟೂ ಬೇಕು." ಇರ್ಮಾ ಕ್ರ್ಯೂಗರ್ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದಳು: "ಸ್ಕಾರ್ಟಿಗೆ ಹತ್ತು ಮೀಟರ್ ವೈರ್ ಸಿಗುತ್ತಾ?"

ಹತ್ತು ಮೀಟರ್! ನಮ್ಮ ಕ್ಯಾರವಾನಿನ ಉದ್ದವೇ ಅದರ ಅರ್ಧ. ಉಳಿದರ್ಧ ಯಾರ ಮನೆಗೆ?

ನಾನು ಸ್ವಿಚ್ಚು ಬಿಡಲಿಲ್ಲ, ಅವಳು ಔಟ್‌ಪುಟ್ಟು ಬಿಡಲಿಲ್ಲ. ಎರಡೂ ಇರುವ ಪುಟಾಣಿ ಡಬ್ಬಿಯನ್ನು ಪ್ರಪಂಚದಲ್ಲಿ ಯಾರೂ ಮಾಡಿಲ್ಲವಂತೆ. ಕೊನೆಗೆ ಕ್ರ್ಯೂಗರ್ ಸಂಧಾನಕ್ಕೆ ಬಂದರು. ಎರಡು ಔಟ್‌ಪುಟ್ಟಿನ ಡಬ್ಬಿಯನ್ನೇ ಒಯ್ಯುವುದು, ಜೊತೆಗೊಂದು ಪ್ಲಗ್ ಪಟ್ಟಿ. ಅದರಲ್ಲಿ ಪ್ರತಿಯೊಂದು ಪ್ಲಗ್ಗಿಗೂ ಬೇರೆ ಬೇರೆ ಸ್ವಿಚ್ಚು, ಎಲ್ಲವೂ ಟಕ್ ಅನ್ನುವಂಥವು. ಒಂದು ಕೇಳಿದವನಿಗೆ ಆರು ಸಿಕ್ಕಿದರೆ ಯಾರು ಬೇಡ ಅಂತಾರೆ! ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೊರಗೆ ಬಂದೆ. ಇರ್ಮಾ ಕೈಚೀಲವನ್ನು ಎದೆಗೊತ್ತಿಕೊಂಡು ಹಿಂದಿನಿಂದ ಬಂದಳು. ಆ ಚೀಲವನ್ನು ನಾನು ಆಗಲೇ ಬಿಚ್ಚಿಸಬೇಕಿತ್ತು.

ಕ್ಯಾಂಪಿಗೆ ಬಂದ ಮೇಲೆ ಟೇಪು ಹಿಡಿದು ಅಳೆದೆ. ಫ್ರಿಜ್ಜಿನ ಮೇಲಿನ ಗೂಡಿನಿಂದ ಪಕ್ಕದ ಬೇಲಿಯಾಚೆ ಲೋಥಾರನ ಡೇರೆಯವರೆಗೆ ಹೆಚ್ಚುಕಡಿಮೆ ಹತ್ತೇ ಮೀಟರ್!

ಲೋಥಾರ್ ಯಾರು ಅಂತೀರಾ? ಹೆಂಡತಿ ತೀರಿಕೊಂಡವನು. ತಲೆತುಂಬ ಕೂದಲಿರುವವನು. (ಈ ವಯಸ್ಸಿನಲ್ಲಿ ಇದೇ ದೊಡ್ಡ ಅಪರಾಧ.) ಸರೋವರದ ಮೀನನ್ನು ಹೊಗೆಯಲ್ಲಿ ಬೇಯಿಸಿ, ವಾರಕ್ಕೊಮ್ಮೆ ಬೇಲಿಯ ಮೇಲಿಂದ "ಇರ್ಮಾ, ಬಿಸಿಯಾಗಿದೆ, ತಗೋ" ಅನ್ನುವವನು. ಮೀನನ್ನು ನಾನೂ ಚಪ್ಪರಿಸಿಕೊಂಡೇ ತಿನ್ನುತ್ತಿದ್ದೆ. ಈಗ ಒಂದೊಂದು ಮುಳ್ಳೂ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಅವನ ಹಳೇ ಡಬ್ಬಿ ಸತ್ತಿದೆ, ಹೊಸದು ಕೊಂಡಿಲ್ಲ. ನಮ್ಮ ಡಬ್ಬಿಯ ಎರಡನೇ ಬಾಯಿ ಅವನ ಟಿವಿಗೆ ಹೋದರೆ, ಇವಳು ಇಲ್ಲಿ ಏನು ನೋಡುತ್ತಾಳೋ ಅವನು ಅಲ್ಲಿ ಅದನ್ನೇ ನೋಡುತ್ತಾನೆ. ಇಬ್ಬರೂ ಒಂದೇ ಹೊತ್ತಿಗೆ ನಗುತ್ತಾರೆ, ಒಂದೇ ಹೊತ್ತಿಗೆ ಅಳುತ್ತಾರೆ. ಮಧ್ಯೆ ನಾನು ಯಾರು? ಸ್ವಿಚ್ಚು ಆರಿಸುವವನು! ಮದುವೆಯಾದಾಗಿನಿಂದ ಸೋಫಾದಲ್ಲಿ ಅವಳ ಎಡಗಡೆಯ ಜಾಗ ನನ್ನದು. ಅದು ಹೋಯಿತು ಅಂದರೆ ನನಗೆ ಉಳಿದದ್ದೇನು, ಹೇಳಿ.

ಗುರುವಾರ ಖಾಲಿ ಬಾಟಲಿಗಳನ್ನು ಬಣ್ಣ ಬಣ್ಣ ಬೇರೆ ಮಾಡಿ ತೊಟ್ಟಿಗೆ ಹಾಕಿ ಬರುವಷ್ಟರಲ್ಲಿ, ಇರ್ಮಾ ಮತ್ತು ಲೋಥಾರ್ ಬೇಲಿಯ ಹತ್ತಿರ ನಿಂತಿದ್ದರು. ಅವನ ಕೈಯಲ್ಲಿ ಡ್ರಿಲ್ಲು.

"ಅವನಿಗೆ ಗೊತ್ತಾಗಲ್ಲ ತಾನೇ?" ಅಂದ ಲೋಥಾರ್.

"ಭಾನುವಾರದವರೆಗೆ ಗೊತ್ತಾಗದಿದ್ರೆ ಸಾಕು" ಅಂದಳು ನನ್ನ ಧರ್ಮಪತ್ನಿ.

ನನ್ನನ್ನು ಕಂಡದ್ದೇ ಇಬ್ಬರೂ ಹವೆಯ ಬಗ್ಗೆ ಮಾತು ಶುರುಮಾಡಿದರು. ಸುಂಕದ ಕಟ್ಟೆಯಲ್ಲೂ ಅಷ್ಟೇ, ಕದ್ದ ಮಾಲಿದ್ದವರು ಮೊದಲು ಮಾತಾಡುವುದೇ ಹವೆಯ ಬಗ್ಗೆ.

ಶನಿವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮ ಕ್ಯಾಂಪಿನಲ್ಲಿ ಮೌನ. ಹುಲ್ಲು ಕೊಯ್ಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ, ಜಗಳವಾಡುವುದಿದ್ದರೂ ಪಿಸುಮಾತಿನಲ್ಲಿ. ಇರ್ಮಾ ಗೊರಕೆ ಹೊಡೆಯುತ್ತಿದ್ದಳು. ಹೊರಗೆ ಬಂದು ನೋಡಿದರೆ ಕ್ಯಾರವಾನಿನ ಹಿಂಬದಿಯ ಸಣ್ಣ ತೂತಿನಿಂದ ಎರಡು ವೈರು, ಒಂದು ಸ್ಕಾರ್ಟಿನದು, ಒಂದು ಕರೆಂಟಿನದು, ಜೋಡಿಯಾಗಿ ಹೊರಬಿದ್ದು ಹುಲ್ಲಿನಲ್ಲಿ ಬೇಲಿಯ ಕಡೆಗೆ ಹೋಗಿವೆ! ಹೊಟ್ಟೆಯ ಮೇಲೆ ತೆವಳುತ್ತಾ ಅವುಗಳ ಬೆನ್ನು ಹತ್ತಿದೆ. ಗುಲಾಬಿ ಮುಳ್ಳು ಪ್ಯಾಂಟನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳುತ್ತಿರುವಾಗ ಮೂಗಿನ ಮುಂದೆ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಕ್ಯಾಂಪಿನ ಉಸ್ತುವಾರಿ ನೋಡುವ ಡೋರಿಸ್.

"ಎಕಾರ್ಟ್, ಮೌನದ ಹೊತ್ತಲ್ಲಿ ತೆವಳಬಾರದು ಅಂತ ನಿಯಮ ಇಲ್ಲ ನಿಜ" ಎಂದು ಪಿಸುಗುಟ್ಟಿದಳು. "ಆದ್ರೆ ನೀನು ಬಯ್ಕೊಂಡು ತೆವಳ್ತಿದ್ದೀಯ. ಅದು ಶಬ್ದ."

"ನನ್ನ ಸಂಸಾರ ಮುಳುಗ್ತಿದೆ, ಡೋರಿಸ್!"

"ಮುಳುಗಲಿ. ಮೂರು ಗಂಟೆ ಆದ್ಮೇಲೆ ಮುಳುಗಲಿ" ಅಂದು ಹೊರಟುಹೋದಳು.

ನಾನು ವೈರು ಬಿಡಲಿಲ್ಲ. ಅದು ಬೇಲಿಯ ಬುಡದವರೆಗೆ ಹೋಯಿತು. ಇನ್ನೇನು ಆಚೆ ದಾಟುತ್ತದೆ, ಹಿಡಿದೇಬಿಟ್ಟೆ ಅನ್ನುವಾಗ ಎಡಕ್ಕೆ ತಿರುಗಿತು. ತಿರುಗಿ ನಮ್ಮದೇ ಸಾಮಾನಿನ ಶೆಡ್ಡಿನೊಳಗೆ ಹೋಯಿತು.

ಬಾಗಿಲು ತೆಗೆದೆ. ಹುಲ್ಲು ಕೊಯ್ಯುವ ಯಂತ್ರವನ್ನು ಮೂಲೆಗೆ ಸರಿಸಿದ್ದಾರೆ. ಹೊಸದಾಗಿ ಬಡಿದ ಹಲಗೆಯ ಮೇಲೆ, ಎಂದೋ ಮೂಲೆಗೆ ಹಾಕಿ ನಾನು ಮರೆತೇಬಿಟ್ಟಿದ್ದ ನಮ್ಮ ಹಳೇ ಪುಟ್ಟ ಟಿವಿ. ಎದುರಿಗೆ ನನ್ನ ಮಡಿಸುವ ಕುರ್ಚಿ, ನನ್ನ ಕಂಬಳಿ, ನನ್ನ ಬಿಯರಿನ ಲೋಟ. ಯಾರಿಗೋ ಸುಖವಾಗಿರಲಿ ಎಂದು ಬಹಳ ಪ್ರೀತಿಯಿಂದ ಜೋಡಿಸಿಟ್ಟ ಹಾಗಿತ್ತು.

"ಛೆ, ನಾಳೆ ತೋರಿಸೋಣ ಅಂತಿದ್ದೆ" ಎಂಬ ದನಿ ಹಿಂದಿನಿಂದ ಬಂತು. ಇರ್ಮಾ ಕಣ್ಣುಜ್ಜಿಕೊಳ್ಳುತ್ತಾ ನಿಂತಿದ್ದಳು.

"ಇದು... ಲೋಥಾರಿಗಲ್ವಾ?"

"ಲೋಥಾರಿಗೆ ಯಾಕೆ? ಇದು ನಿನಗೆ!"

"ನನಗೆ? ನನ್ನ ಜಾಗ ಸೋಫಾದಲ್ಲಿದೆ!"

"ಎಕಾರ್ಟ್, ನಾನೇನೂ ಮುಚ್ಚಿಡಲ್ಲ" ಅಂದಳು ಇರ್ಮಾ, ಪಿಸುಮಾತಿನಲ್ಲೇ, ಮೌನದ ಹೊತ್ತಲ್ಲವೇ. "ಪ್ರತಿ ಭಾನುವಾರ ಟಿವಿಯಲ್ಲಿ ಕೊಲೆ ಆಗುತ್ತೆ. ಹೆಣ ಬಿದ್ದ ಕೂಡಲೇ ನೀನು ಶುರು ಮಾಡ್ತೀಯ. ಇವನೇ ಕೊಂದಿದ್ದು, ಇವಳ ಕಣ್ಣು ನೋಡು, ಆ ಚೀಲದಲ್ಲೇನಿದೆ ಕೇಳಬೇಕಿತ್ತು, ಆ ಪೊಲೀಸಿಗೆ ಬುದ್ಧಿ ಇಲ್ಲ. ಮದುವೆ ಆದಾಗಿನಿಂದ ಒಂದು ಕಥೇನಾದ್ರೂ ಪೂರ್ತಿ ಕೇಳಿಸ್ಕೊಂಡಿದ್ದೀನಾ ನಾನು? ಇಲ್ಲಿ ಕೂತ್ಕೊ. ಯಾರ ಮೇಲೆ ಬೇಕಾದ್ರೂ ಅನುಮಾನ ಪಡು. ನಾನು ನೋಡೋದೇ ನಿನಗೂ ಕಾಣುತ್ತೆ. ನಿನ್ನ ಮಾತು ಮಾತ್ರ ನನಗೆ ಕೇಳ್ಸಲ್ಲ."

ಅವಳು ಲೋಥಾರನ ಕೈಹಿಡಿದು ಓಡಿಹೋಗುತ್ತಿಲ್ಲ ಎಂಬ ಸಂತೋಷದಲ್ಲಿ ನಾನು ಅವಳನ್ನು ತಬ್ಬಿಕೊಂಡೆ. ಆ ಭರದಲ್ಲಿ ಹೂಂ ಅಂದುಬಿಟ್ಟೆ. (ಸಂತೋಷದಲ್ಲಿದ್ದಾಗ ಹೂಂ ಅನ್ನಬಾರದು. ಮದುವೆಯೂ ಹೀಗೇ ಆದದ್ದು.)

ಭಾನುವಾರ ಸಂಜೆ ಎಂಟೂಕಾಲಿಗೆ ಕಂಬಳಿ ಹೊದ್ದು ಶೆಡ್ಡಿನಲ್ಲಿ ಕುಳಿತೆ. ಟಿವಿಯಲ್ಲಿ ಹಡಗಿನ ಮಾಲೀಕ ಸತ್ತುಬಿದ್ದ. "ಅಡುಗೆಯವನು!" ಎಂದು ಕೂಗಿದೆ. ಯಾರೂ ಶ್ ಅನ್ನಲಿಲ್ಲ. ಆಹಾ, ಸ್ವರ್ಗ! "ಅಲ್ಲ, ಮಾಲೀಕನ ತಮ್ಮ! ಅವನ ಪೆಟ್ಟಿಗೆ ಬಿಚ್ಚಿಸ್ರೋ!" ಎಂದು ಎದ್ದು ನಿಂತು ಹಲಗೆ ಗುದ್ದಿದೆ. ಪೊಲೀಸರು ಇನ್ನೇನು ಪೆಟ್ಟಿಗೆಗೆ ಕೈ ಹಾಕಬೇಕು, ಟಕ್. ಟಿವಿ ಆರಿತು. ಕೆಂಪು ದೀಪವೂ ಇಲ್ಲ. ಕ್ಯಾರವಾನಿನೊಳಗೆ ಪ್ಲಗ್ ಪಟ್ಟಿಯ ಮೇಲೆ ನನ್ನ ಟಿವಿಯ ಸ್ವಿಚ್ಚನ್ನಷ್ಟೇ ಯಾರೋ ಒತ್ತಿದ್ದರು. ನಾನು ಆರಿಸಿ ತಂದ ಸ್ವಿಚ್ಚು, ಒಂಚೂರೂ ನಟನೆಯಿಲ್ಲ.

ಓಡಿಹೋಗಿ ಕ್ಯಾರವಾನಿನ ಕಿಟಕಿ ತಟ್ಟಿದೆ. ಪರದೆ ಸರಿಯಿತು. ಸೋಫಾದಲ್ಲಿ ಇರ್ಮಾ. ಅವಳ ಎಡಗಡೆ, ನನ್ನ ಜಾಗದಲ್ಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಲೋಥಾರ್!

ಅವನು ಕಿಟಕಿಯನ್ನು ಒಂದು ಗೇಣು ತೆರೆದು, ತುಟಿಯ ಮೇಲೆ ಬೆರಳಿಟ್ಟ. "ಶ್! ಮುಗೀತಾ ಬಂತು ಮಾರಾಯ. ನಿನ್ನ ಕೂಗು ಇಲ್ಲಿಗೂ ಕೇಳ್ತಿತ್ತು, ಅದಕ್ಕೇ ಅವಳು ಆರಿಸಿದ್ಲು."

"ನೀನು ಅಲ್ಲಿ ಏನು ಮಾಡ್ತಿದ್ದೀಯೋ?"

"ನನ್ನ ಡಬ್ಬಿ ಸತ್ತಿದೆಯಲ್ಲ, ಬಾ ಅಂದ್ಲು. ನಾನು ಒಂದು ಮಾತೂ ಆಡಲ್ಲ ಅಂತ ಅವಳಿಗೆ ಗೊತ್ತು."

ಇರ್ಮಾ ಟಿವಿಯಿಂದ ಕಣ್ಣು ಕೀಳದೆಯೇ ಕೇಳಿದಳು: "ಯಾರದು ಲೋಥಾರ್?"

"ಯಾರೂ ಇಲ್ಲ, ಗಾಳಿ" ಅಂದ ಅವನು. ಪುಣ್ಯಾತ್ಮ, ಕಿಟಕಿ ಮುಚ್ಚುವ ಮುಂಚೆ ತನ್ನ ತಟ್ಟೆಯ ಕೇಕನ್ನು ನನ್ನ ಕೈಗಿಟ್ಟ.

ಹೊರಗೆ ನಿಂತೇ ತಿಂದೆ. ನನಗಿಷ್ಟವಾದ ಗಸಗಸೆ ಕೇಕು, ಇನ್ನೂ ಬೆಚ್ಚಗಿತ್ತು. ಇನ್ನೊಂದು ತುಂಡು ಕೇಳೋಣವೆಂದು ಬಾಗಿಲ ತನಕ ಹೋದೆ, ತಟ್ಟಲು ಕೈಯನ್ನೂ ಎತ್ತಿದೆ. ತಟ್ಟಿದರೆ ಯಾರು ಅಂತಾರೆ. ಯಾರು ಅಂದರೆ ಬಾಯಿ ಬಿಡಬೇಕಾಗುತ್ತದೆ. ಬಾಯಿ ಬಿಟ್ಟದ್ದಕ್ಕೇ ತಾನೇ ಹೊರಗೆ ಬಿದ್ದದ್ದು, ಎತ್ತಿದ ಕೈಯನ್ನು ಹಾಗೇ ಇಳಿಸಿದೆ.