ಆಗ್ನೇಯ ಮೂಲೆಯ ಕಲ್ಲು

ಬನ್ನೇರುಘಟ್ಟದ ಕಡೆ ಹೋಗುವ ಬಸ್ಸಿನಲ್ಲಿ ಟಿಕೆಟ್ಟಿಗೆಂದು ಪ್ಯಾಂಟಿನ ಜೇಬಿಗಿಳಿದ ಅನಂತರಾಮು ಮೇಷ್ಟ್ರ ಕೈ ಜೇಬಿನಲ್ಲಿ ನಿಲ್ಲದೆ ನೇರವಾಗಿ ಮೊಣಕಾಲು ಮುಟ್ಟಿತು. ಚಿಲ್ಲರೆಯೆಲ್ಲ ಆಗಲೇ ಕಾಲಿನ ಗುಂಟ ಇಳಿದು ಬಸ್ಸಿನ ತುಂಬ ಉರುಳಾಡುತ್ತಿತ್ತು.

"ಸಾರ್, ಒಳಗೆ ಇನ್ನೂ ಇದ್ರೆ ಒಂದ್ಸಲ ಕುಣಿದುಬಿಡಿ, ಎಲ್ಲಾ ಬಿದ್ದೋಗ್ಲಿ" ಎಂದ ಕಂಡಕ್ಟರ್.

ಇಡೀ ಬಸ್ಸು ನಕ್ಕಿತು. ಪಕ್ಕದಲ್ಲಿದ್ದ ಹೆಂಡತಿ ಪಂಕಜಮ್ಮ ಮಾತ್ರ, ಈ ಮನುಷ್ಯ ಯಾರೋ ಗೊತ್ತೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದರು.

ಜೇಬಿನ ತೂತಿಗೆ ಕಾರಣ ಒಂದು ಸೀಸೆ. ಜಯನಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು ಹೈಡ್ರೋಕ್ಲೋರಿಕ್ ಆಸಿಡ್ಡಿನ ಪುಟ್ಟ ಸೀಸೆಯಿಲ್ಲದೆ ಮನೆ ಬಿಟ್ಟವರಲ್ಲ. ಹಿಂದಿನ ವಾರ ಅದರ ಬಿರಡೆ ಸೋರಿತ್ತು. ಇಸ್ತ್ರಿ ಬಿದ್ದ ಮೇಲೆ ಜೇಬು ಜೇಬಾಗಿ ಉಳಿದಿರಲಿಲ್ಲ. ಕಲ್ಲು ಕಂಡಲ್ಲೆಲ್ಲ ಪರೀಕ್ಷೆ: ಒರಳುಕಲ್ಲು ಕೊಳ್ಳುವಾಗ ಒಂದು ತೊಟ್ಟು, ಯಾರದೋ ಮನೆಯ ಮೆಟ್ಟಿಲ ಮೇಲೆ ಒಂದು ತೊಟ್ಟು. ನೊರೆಯೆದ್ದರೆ ಸುಣ್ಣದ ಕಲ್ಲು, ಸುಮ್ಮನಿದ್ದರೆ ಗ್ರಾನೈಟು. (ಮದುವೆಯಲ್ಲಿ ಮಾವ ತೊಡಿಸಿದ ಉಂಗುರದ ಮೇಲೂ ಒಂದು ತೊಟ್ಟು ಬಿದ್ದಿತ್ತಂತೆ. ಉಂಗುರ ಸುಮ್ಮನಿತ್ತು, ಮಾವನವರು ನೊರೆಯೆದ್ದರು.)

ಎಪ್ಪತ್ತೆಂಟನೇ ಇಸವಿಯ ಆ ಭಾನುವಾರ ಇಬ್ಬರೂ ಹೊರಟಿದ್ದದ್ದು ಬಿಳೇಕಹಳ್ಳಿಯ ತಮ್ಮ ಸೈಟಿಗೆ. ಹದಿನೇಳು ವರ್ಷ ಬಾಡಿಗೆ ಮನೆಯ ನಡುಮನೆಯ ಮೂಲೆಯಲ್ಲಿ ಕೂತು ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದ ಪಂಕಜಮ್ಮನವರು ಗಂಡನನ್ನು ಕೇಳಿದ್ದು ಒಂದೇ ಒಂದು: ಆಗ್ನೇಯದಲ್ಲಿ ಹತ್ತಡಿಗೆ ಹನ್ನೆರಡಡಿಯ ಅಡುಗೆಮನೆ. ಪ್ಲಾನಿನಲ್ಲಿ ಅದು ಇತ್ತು. ಸೈಟಿನಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ಊರದೇವತೆ ಸಪ್ಪಲಮ್ಮನಿದ್ದಳು.

ಮೊಣಕಾಲೆತ್ತರದ ಕಲ್ಲು. ರಕ್ತ ಒಣಗಿದಂಥ ಕೆಂಪು. ಅಂಟಿಸಿದ ಎರಡು ಬೆಳ್ಳಿ ಕಣ್ಣು. ಯಾವ ಕಡೆ ನಿಂತರೂ ನಿಮ್ಮನ್ನೇ ನೋಡುವಂಥವು. ಸುತ್ತ ಒಂದು ಗುಡಿಸಲು ಬಿಟ್ಟರೆ ಮನೆಯೆಂಬುದಿಲ್ಲ. ಬಡಾವಣೆ ಮಾಡಿದವರು ಮೈನು, ಕ್ರಾಸು ಎಂದು ಹೆಸರಿಟ್ಟು, ನಂಬರಿನ ಕಲ್ಲು ನೆಟ್ಟು ಹೋಗಿದ್ದರು; ಹಗಲಲ್ಲೂ ಅದು ಸತ್ತವರ ಬಡಾವಣೆಯಂತೆ ಕಾಣುತ್ತಿತ್ತು. ಗಾಳಿ ಸೈಟಿನಂಚಿನ ಹುಣಸೆಮರದವರೆಗೂ ಬಂದು, ಸೈಟಿನೊಳಗೆ ಕಾಲಿಡದೆ ಹಿಂದಕ್ಕೆ ಹೋಗುತ್ತಿತ್ತು. ಗಾರೆ ಮೇಸ್ತ್ರಿ ಪಿಳ್ಳಣ್ಣ ಪಾಯಕ್ಕೆ ಕಟ್ಟಿದ ದಾರ ಮೂರು ಸಲ ಹರಿದಿತ್ತು. ಮೂರು ವಾರದ ಹಿಂದೆ ಗಡಿಕಲ್ಲಿನಿಂದ ಸಪ್ಪಲಮ್ಮನಿಗೆ ಹನ್ನೊಂದಡಿ. ಹೋದ ವಾರ ಹತ್ತೂವರೆ. ಬಟ್ಟೆಯ ಟೇಪು ಜಗ್ಗುತ್ತದೆ ಎಂದು ಮೇಷ್ಟ್ರು ವೈಜ್ಞಾನಿಕವಾಗಿ ಸಮಾಧಾನ ಮಾಡಿಕೊಂಡು, ಆಮೇಲೆ ಅಳೆಯುವುದನ್ನೇ ಬಿಟ್ಟಿದ್ದರು.

ಕಲ್ಲನ್ನು ಪೂಜಿಸುತ್ತಿದ್ದವಳು ಹುಣಸೆಮರದ ಪಕ್ಕದ ಗುಡಿಸಲಿನ ಮುದುಕಿ ತಿಮ್ಮಕ್ಕ.

"ಮೊದ್ಲು ಅಮ್ಮನ್ನ ಒಂದು ಮಾತು ಕೇಳಿ ಸಾಮಿ. ಬ್ಯಾಡ ಅನ್ನದಿದ್ರೆ ನಾನೇ ಮುಂದೆ ನಿಂತು ಮರದ ಬುಡಕ್ಕೆ ಎತ್ತುಸ್ತೀನಿ" ಎಂದಳು, ಕಲ್ಲು ಸರಿಸುವ ಮಾತೆತ್ತಿದ ಮೇಷ್ಟ್ರಿಗೆ.

"ಕಲ್ಲು ಮಾತಾಡುತ್ತೇನಮ್ಮಾ?"

"ಕೇಳ್ದೋರಿಗೆ ಆಡ್ತದೆ."

ಮೇಷ್ಟ್ರು ನಕ್ಕು ಅಂಗಿಯ ಜೇಬಿನಿಂದ ಸೀಸೆ ತೆಗೆದರು. "ಇದು ಅಪ್ಪಟ ಗ್ರಾನೈಟು. ಆಸಿಡ್ ಹಾಕಿದ್ರೂ ಉಸಿರೆತ್ತಲ್ಲ. ಪಿಳ್ಳಣ್ಣ, ನೀನೇ ಸಾಕ್ಷಿ. ಉಸಿರೆತ್ತಿದ್ರೆ ಅಡುಗೆಮನೆ ಜಾಗ ಅಮ್ಮನಿಗೇ!"

"ರೀ, ಬೇಕಾದ್ರೆ ನೀವು ಪೇಪರ್ ಓದೋ ವರಾಂಡ ಕೊಡಿ. ನನ್ನ ಅಡುಗೆಮನೆ ಯಾಕ್ರೀ ಪಣಕ್ಕಿಡ್ತೀರಿ?"

"ಸುಮ್ನಿರೇ, ಸೋಲೋ ಪ್ರಶ್ನೆಯೇ ಇಲ್ಲ."

ಅವರು ಕುಕ್ಕರುಗಾಲಲ್ಲಿ ಕೂತರು. ಮಟಮಟ ಮಧ್ಯಾಹ್ನ. ಮರದ ಮೇಲಿನ ಕಾಗೆಗಳು ಯಾರೋ ಗದರಿದಂತೆ ಒಮ್ಮೆಲೇ ಸುಮ್ಮನಾದವು. ಕಲ್ಲಿನ ಬುಡದ ಮೇಲೆ ಒಂದು ತೊಟ್ಟು ಬಿತ್ತು.

ಸ್ಸ್ಸ್ಸ್.

ಕಲ್ಲು ಉಸಿರುಬಿಟ್ಟಿತು. ಮೇಷ್ಟ್ರ ಸೀಸೆ ವಾಲಿ ಇನ್ನೂ ಹತ್ತು ತೊಟ್ಟು ಸುರಿದವು. ನಿದ್ದೆ ಕೆಟ್ಟವರು ಹಲ್ಲು ಕಚ್ಚಿ ಬೈಯುವಂಥ ಸದ್ದು. ಬಾಯಿಂದ ಬಂದಂತೆ ಬಿಳಿ ನೊರೆ. ಆ ನೊರೆಯ ಕೆಳಗೆ, ನೋಡನೋಡುತ್ತಿದ್ದಂತೆ, ನೂರಾರು ವರ್ಷದ ಕೆಂಪು ಬಸಿದುಹೋಗಿ ಕಲ್ಲು ಹಳದಿಯಾಯಿತು, ರೋಗಿಷ್ಠರ ಮೈಯಂತೆ. ಬೆಳ್ಳಿ ಕಣ್ಣುಗಳು ಮಾತ್ರ ಕದಲದೆ ಅವರನ್ನೇ ನೋಡುತ್ತಿದ್ದವು. ಗ್ರಾನೈಟು ಹೀಗೆ ಮಾಡುವುದಿಲ್ಲ. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಎಲ್ಲೂ ಇಲ್ಲ.

"ಬೇಡ ಅಂತಿದಾಳೆ ಕಣೇ!" ಎಂದು ಕೂಗಿದವರು ಸಾಕ್ಷಾತ್ ಮೇಷ್ಟ್ರೇ. ಪಿಳ್ಳಣ್ಣ ಕರಣೆ ಎಸೆದು ಅಡ್ಡಬಿದ್ದ. ಮೇಷ್ಟ್ರು ಚಪ್ಪಲಿ ಅಲ್ಲೇ ಬಿಟ್ಟು ನಾಲ್ಕು ಸೈಟು ದಾಟಿ, ಐದನೆಯದರ ನಂಬರ್ ಕಲ್ಲು ತಬ್ಬಿಕೊಂಡು ನಿಂತರು. ತಿಮ್ಮಕ್ಕ ಚೆಂಬಿನಲ್ಲಿ ನೀರು ತಂದು, ಮಗುವಿನ ಮುಖ ತೊಳೆದಂತೆ ಕಲ್ಲನ್ನು ತೊಳೆದಳು.

"ಇಪ್ಪತ್ತೆರಡು ವರ್ಷ ಪ್ರಶ್ನೆ ಕೇಳಿದ್ರಿ, ಒಬ್ಬ ಹುಡುಗನೂ ನೆಟ್ಟಗೆ ಉತ್ತರ ಹೇಳ್ಲಿಲ್ಲ" ಎಂದರು ಪಂಕಜಮ್ಮ, ಮರಳುವ ಬಸ್ಸಿನಲ್ಲಿ. "ಹೇಳಿದ್ದು ಇದೊಂದು ಕಲ್ಲು. ಅದೂ ನನ್ನ ಅಡುಗೆಮನೆ ನುಂಗೋದಕ್ಕೆ."

ಕೊಟ್ಟ ಮಾತು ಕೊಟ್ಟದ್ದೇ. ಸಪ್ಪಲಮ್ಮನಿಗೆ ಹತ್ತಡಿಗೆ ಹನ್ನೆರಡಡಿ ಬಿಟ್ಟು, ಪಂಕಜಮ್ಮನವರಿಗೆ ಐದಡಿಗೆ ಆರಡಿ ಕಟ್ಟಿದರು. ಒಳಗೆ ಹೋದವರು ತಿರುಗಬೇಕಾದರೆ ಹೊರಗೆ ಬಂದು ತಿರುಗಿಕೊಂಡು ಮತ್ತೆ ಒಳಗೆ ಹೋಗಬೇಕು. ಕಿಟಕಿ ತೆರೆದರೆ ಎದುರಿಗೇ ಆ ಎರಡು ಕಣ್ಣು. ಪಂಕಜಮ್ಮ ದಿನಾ ಸಪ್ಪಲಮ್ಮನೊಡನೆ ಗಂಡನ ಮೇಲಿನ ದೂರು ಹೇಳಿಕೊಂಡು ಹಗುರಾಗುತ್ತಿದ್ದರು. ಮೇಷ್ಟ್ರು ಮಾತ್ರ ಕಿಟಕಿಗೆ ಬೆನ್ನು ತೋರಿಸದೆ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ.

ಯುಗಾದಿಗೆ ಎರಡು ದಿನವಿದ್ದಾಗ, ತಿಮ್ಮಕ್ಕ ಕಲ್ಲಿನ ಮುಂದೆ ಕೂತು ತೆಂಗಿನ ಚಿಪ್ಪಿನಲ್ಲಿ ಏನೋ ಕಲಸುತ್ತಿದ್ದಳು. ಹಳದಿ ಪುಡಿ. ಅದಕ್ಕೊಂದಿಷ್ಟು ಬೆಳ್ಳನೆಯ ಮುದ್ದೆ. ಎರಡು ಸುತ್ತು ತಿರುವುವಷ್ಟರಲ್ಲಿ ಚಿಪ್ಪಿನ ತುಂಬ ರಕ್ತ. ಜಗಲಿಯಿಂದ ನೋಡುತ್ತಿದ್ದ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಮರುಕ್ಷಣ ಕ್ಲಾಸ್‌ರೂಮಿನ ಕರಿಹಲಗೆ ಕಣ್ಣೆದುರು ಬಂದು ನಿಂತಿತು.

"ಏನದು ತಿಮ್ಮಕ್ಕ?"

"ಅರಿಶಿನ, ಸುಣ್ಣ. ನಮ್ಮತ್ತೆ ಕಾಲದಿಂದ್ಲೂ ಬಳೀತಾ ಬಂದಿರೋದು. ಬೆರಳು ದಪ್ಪ ಪದರ ಕುಂತೈತೆ."

"ಇದರ ಮೇಲೆ... ಹುಳಿ ಏನಾದ್ರೂ ಬಿದ್ರೆ?"

"ನಿಂಬೆಹಣ್ಣು ಹಿಂಡಿದ್ರೂ ಸುಂಯ್ ಅಂತದೆ. ಹಳದಿ ಆಯ್ತದೆ. ಆಮೇಲೆ ಸರಿಹೋಯ್ತದೆ."

ಮೇಷ್ಟ್ರು ಒಮ್ಮೆ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಒಳಗಿದ್ದ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದರು: "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ತಿಮ್ಮಕ್ಕ ಬೆರಳಿನಿಂದ ಕಲ್ಲಿನ ಕೆನ್ನೆಗೆ ಕೆಂಪು ಬಳಿಯುತ್ತ, ತಿರುಗಿಯೂ ನೋಡದೆ ಹೇಳಿದಳು:

"ನೀವು ಅಮ್ಮನ್ನ ಕೇಳಿದ್ರಿ ಸಾಮಿ. ನನ್ನ ಕೇಳ್ಲಿಲ್ಲ."