ಠಾಣೆಯಲ್ಲಿ ಏಳದ ಮನುಷ್ಯ

ಐವತ್ತು ದಾಟಿದವನ ಮಾನ ಹೋಗುವುದಕ್ಕೆ ದೊಡ್ಡ ಪಾಪವೇನೂ ಬೇಕಾಗಿಲ್ಲ. ಕೂತಲ್ಲಿಂದ ಏಳದಿದ್ದರೆ ಸಾಕು. ನನ್ನದು ಹೋದದ್ದು ಹಾಗೆಯೇ, ಬದಲಾಪುರದಿಂದ ಹೊರಡುವ ಬೆಳಗಿನ ಲೋಕಲ್ ರೈಲಿನಲ್ಲಿ.

ಮಗಳು ಸೀವುಡ್ಸಿನಲ್ಲಿ ನೌಕರಿಗೆ ಸೇರಿದ ಮೇಲೆ ತನ್ನ ಅಂಗೈಯಗಲದ ಆಟದ ಯಂತ್ರವನ್ನು ಮೂಲೆಗೆ ಎಸೆದಿದ್ದಳು. ಧೂಳು ಒರೆಸುತ್ತಾ ನಾನೊಮ್ಮೆ ಗುಂಡಿ ಒತ್ತಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಬೈಯುವುದು ಮಾತ್ರ ಮರಾಠಿಯಲ್ಲಿ. ಬಾಬಾ, ಇದು ನಿಮ್ಮ ಕೈಲಾಗುವುದಲ್ಲ ಎಂದಳು. ಅಷ್ಟು ಸಾಕಾಯಿತು. ಯಂತ್ರ ನನ್ನ ಆಫೀಸಿನ ಚೀಲ ಸೇರಿತು.

ಆಟ ಬಹಳ ಹೊಸದಂತೆ. ಉರಿಯುವ ನಗರ, ಉಕ್ಕಿನ ತೋಳಿನ ಸೈನಿಕ, ಸಿಕ್ಕಲ್ಲೆಲ್ಲ ಗುಂಡು. ಆದರೆ ಹತ್ತು ನಿಮಿಷ ಆಡಿದರೆ ಗುಟ್ಟು ರಟ್ಟಾಗುತ್ತದೆ. ನಾನು ಹುಡುಗನಾಗಿದ್ದಾಗ ಗದಗಿನ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಆಡುತ್ತಿದ್ದ ಆಟವನ್ನೇ ಎತ್ತಿಕೊಂಡಿದ್ದಾರೆ. ಅದೇ ಸಾಲುಸಾಲಾಗಿ ಇಳಿಯುವ ಅನ್ಯಗ್ರಹದವರು, ಕೊನೆಯಲ್ಲಿ ಅದೇ ಹೊಟ್ಟೆಯಲ್ಲಿ ಕೆಂಪು ದೀಪದ ಯಂತ್ರರಾಕ್ಷಸ. ಹಳೇ ಸೀರೆಗೆ ಹೊಸ ಫಾಲ್ ಹಚ್ಚಿದ್ದಾರೆ, ಅಷ್ಟೇ. ಆ ರಾಕ್ಷಸನನ್ನು ಅಂದೂ ನಾನು ಕೊಂದಿರಲಿಲ್ಲ.

ಈಗ ನಮ್ಮ ರೈಲುಡಬ್ಬಿಯ ಧರ್ಮ ಹೇಳಬೇಕು. ಬದಲಾಪುರದಲ್ಲಿ ಹತ್ತುವ ನಮಗೆ ಸೀಟು ಸಿಗುತ್ತದೆ, ಡೊಂಬಿವಲಿಯಲ್ಲಿ ಹತ್ತುವ, ದಿನಾ ಜೊತೆಗೆ ಹೋಗುವ ನಮ್ಮ ಗುಂಪಿನವರಿಗೆ ನಿಲ್ಲಲು ಜಾಗ ಸಿಕ್ಕರೇ ಪುಣ್ಯ. ಅದಕ್ಕೆ ನಡುದಾರಿಯ ಠಾಣೆ ಸ್ಟೇಷನ್ ಬಂದೊಡನೆ ಕೂತವರು ಎದ್ದು ನಿಂತವರಿಗೆ ಸೀಟು ಕೊಡಬೇಕು. ಬರೆದಿಟ್ಟ ಕಾನೂನಲ್ಲ, ಆದರೆ ಮುರಿದವರಿಲ್ಲ. ನನ್ನ ಸೀಟು ಪಾಟೀಲ ಕಾಕಾ ಅವರಿಗೆ ಹೋಗಬೇಕು. ವಿಜಯಪುರದ ಕಡೆಯವರು, ನನಗಿಂತ ಏಳೆಂಟು ವರ್ಷ ಹಿರಿಯರು, ಎರಡೂ ಮೊಣಕಾಲಿಗೆ ಪಟ್ಟಿ. ನನ್ನನ್ನು ಈ ಗುಂಪಿಗೆ ಸೇರಿಸಿದವರೂ ಅವರೇ.

ಈ ವಯಸ್ಸಿನಲ್ಲಿ ಎಲ್ಲರೆದುರು ಆಡುವುದಕ್ಕೆ ನಾಚಿಕೆ. ಹಾಗಾಗಿ ಚೀಲವನ್ನು ತೊಡೆಯ ಮೇಲಿಟ್ಟು, ಅದರ ಬಾಯಿ ತೆರೆದು, ಒಳಗೇ ಯಂತ್ರ ಹಿಡಿದು ಆಡುತ್ತಿದ್ದೆ. ಆ ದಿನ ಮುಂಬ್ರಾದ ಹತ್ತಿರ ರಾಕ್ಷಸ ಎದುರಾದ. ಠಾಣೆ ಬರುವಷ್ಟರಲ್ಲಿ ಅವನ ಜೀವ ಎಳ್ಳಷ್ಟು ಉಳಿದಿತ್ತು. ಠಾಣೆ ಬಂದದ್ದು ಗೊತ್ತಾಗಲಿಲ್ಲ ಎಂದರೆ ನೀವು ನಂಬಿಯೀರಿ. ಆದರೆ ಗೊತ್ತಾಗಿತ್ತು. ಕಾಕಾನ ಚಪ್ಪಲಿ ನನ್ನ ಬೂಟಿನ ಪಕ್ಕ ಬಂದು ನಿಂತದ್ದೂ ಕಂಡಿತ್ತು. ತಲೆ ಎತ್ತಲಿಲ್ಲ. ಮೇಲೆ ಯಾರೋ ಏನೋ ಅಂದದ್ದು ಆಟದ ಗುಂಗಿನಲ್ಲಿ ಕಿವಿಗೆ ಹತ್ತಲಿಲ್ಲ. ಆಟವನ್ನು ನಡುವೆ ನಿಲ್ಲಿಸುವ ಗುಂಡಿಯೊಂದಿದೆ ಎಂದು ಮಗಳು ಆಮೇಲೆ ಹೇಳಿದಳು. ಆಟ ಮುಗಿದ ಮೇಲೆ ಏಳುವ ಮುಖವೂ ಉಳಿದಿರಲಿಲ್ಲ. ದಾದರ್‌ವರೆಗೆ ಕಾಕಾ ನಿಂತೇ ಬಂದರು.

ಮರುದಿನ ಬೈಗುಳಕ್ಕೆ ಸಿದ್ಧನಾಗಿ, ಯಂತ್ರವನ್ನು ಮನೆಯಲ್ಲಿಟ್ಟು ಹೋದೆ. ಠಾಣೆಯಲ್ಲಿ ಎದ್ದರೆ ನಾಲ್ಕು ಕೈಗಳು ಹಿಡಿದು ಕೂಡಿಸಿದವು. ತಲೆ ತಿರುಗುವವರು ನಿಲ್ಲಬಾರದಂತೆ. ಒಬ್ಬರು ಗ್ಲೂಕೋಸ್ ಬಿಸ್ಕಿಟ್ ಕೊಟ್ಟರು, ಇನ್ನೊಬ್ಬರು ಕಲ್ಯಾಣದ ಡಾಕ್ಟರರ ಗುಣಗಾನ ಮಾಡಿದರು. ಮೈಯಲ್ಲಿ ಸರಿಯಿರುವವನು ಠಾಣೆಯಲ್ಲಿ ಏಳದೆ ಇರುತ್ತಾನೆ ಎಂಬುದು ಅವರ ಊಹೆಗೇ ನಿಲುಕದು. ವಾರವಿಡೀ ಹೀಗೇ ನಡೆಯಿತು. ನಾನು ಕೂತು ಬಿಸ್ಕಿಟ್ ತಿನ್ನುವುದು, ಕಾಕಾ ನಿಂತು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಬದಲಿಸುವುದು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸುತ್ತಿತ್ತು, ಆದರೂ ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಶನಿವಾರ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಕಾಕಾನ ತೋಳು ಹಿಡಿದು ನಿಲ್ಲಿಸಿದೆ.

"ಕಾಕಾ, ನನಗೇನೂ ಆಗಿಲ್ರೀ. ಅವತ್ತ ಚೀಲದಾಗ ಆಟ ಆಡ್ಲಿಕ್ಕತ್ತಿದ್ದೆ."

"ಗೊತ್ತೈತ್ರಿ ಜೋಶಿ. ನಿಮ್ಮ ತಲೀ ಮ್ಯಾಲೇ ನಿಂತಿದ್ನಲ್ಲಾ, ಎಲ್ಲಾ ಕಾಣತಿತ್ತು. ಮಂದಿ ನಿಮಗ ಬೈಯ್ಯಾಕ ಸುರು ಮಾಡಿದ್ರು. ಅದಕ್ಕ, ಅವರಿಗೆ ತಲೀ ತಿರಗಾಕತ್ತೈತಿ, ಬಿಡ್ರಿ ಅಂತ ನಾನ ಹೇಳಿದೆ."

ಕಾಕಾ ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, "ಅದಿರ್ಲಿ, ಮಂದಿ ಗರ್ದ್ಯಾಗ ನನಗ ಕಡೀತನಕ ಕಾಣಲಿಲ್ಲ. ಆ ಕೆಂಪ ದೀಪದವ ಸತ್ತನೋ ಇಲ್ಲೋ?" ಎಂದು ಕೇಳಿದರು.

"ಸತ್ತಾ ರೀ," ಎಂದೆ.

ಘಾಟಕೋಪರ ಬರುವ ಮೊದಲೇ ಸತ್ತದ್ದು ನಾನು. ಆದರೆ ನನಗಾಗಿ ಅಷ್ಟು ದೂರ ನಿಂತುಬಂದ ಮನುಷ್ಯನಿಗೆ ಸೋತೆನೆಂದು ಹೇಗೆ ಹೇಳುವುದು? ಕಾಕಾ ಭೇಷ್ ಎಂದು ಬೆನ್ನು ತಟ್ಟಿ, ಕುಂಟುತ್ತಾ ಮೆಟ್ಟಿಲು ಹತ್ತಿದರು. ತಪ್ಪೊಪ್ಪಿಕೊಳ್ಳಲೆಂದು ಹೋದವನು ಒಂದು ಸುಳ್ಳನ್ನು ಹೆಚ್ಚಿಗೆ ಹೇಳಿ, ಶಹಬಾಸ್‌ಗಿರಿ ಪಡೆದು ಬಂದೆ.